ಬರಿದಾದ ಕರಡಿಗೆ

ಗುರುವೇ ಗತಿ

ಹೊನ್ನವಳ್ಳಿ
ಸೋಮವಾರ, ೨೧ ಅಕ್ಟೋಬರ್ ೨೦೨೪

ಪ್ರೀತಿಯ ದ್ರಾಕ್ಷಾಯಣಕ್ಕನಿಗೆ,

ನಿನ್ನ ತಂಗಿ ಗಿರಿಜಾಂಬಿಕೆಯ ಶರಣು. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ಭಾವನವರ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾರೋ ಇಲ್ಲಾ ನಿನ್ನ ಮೇಲೆ ರೇಗುತ್ತ ಕೂತಿದ್ದಾರೋ? ಹಬ್ಬಕ್ಕೆ ಬರುತ್ತೇನೆ ಎಂದಿದ್ದ ನಾನು ಬರಲಿಲ್ಲ. ನೀನಾಗಿ ಫೋನು ಮಾಡಿದರೆ ‘ಆಮೇಲೆ ಮಾತಾಡ್ತೀನಿ ಅಕ್ಕ’ ಎಂದು ಇಟ್ಟುಬಿಟ್ಟೆ. ಕೊಬ್ಬು ಬಂದಿದೆ ಇವಳಿಗೆ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಆದರೆ ನಿನಗೆ ಕಿವಿ ಮಂದವಾದ ಮೇಲೆ ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಹಜಾರದ ನಡುವೆ ಇಡುತ್ತಾರೆ. ನಾನು ಇಲ್ಲಿ ಪಿಸುಗುಟ್ಟಿದ್ದನ್ನು ಅಲ್ಲಿ ನಿನ್ನ ಸೊಸೆ, ಬೀಗರು, ಹಾಲು ಅಳೆಯಲು ಬಂದವಳು ಎಲ್ಲರೂ ಕೇಳಿಸಿಕೊಂಡು ‘ಏನಂತೆ, ಏನಂತೆ’ ಎನ್ನುತ್ತಾರೆ. ಇದು ಹಾಗೆ ಹೇಳುವ ಮಾತಲ್ಲ. ಅದಕ್ಕೇ ಎಷ್ಟೋ ವರ್ಷದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ನಮ್ಮ ಕೊಬ್ಬರಿ ಮೂಟೆ ಸಾಗಿಸುವ ಬಾಲರಾಜು ನಾಳೆ ಬೆಳಿಗ್ಗೆ ತುರುವೇಕೆರೆಗೆ ಬರುತ್ತಾನೆ, ಅವನ ಕೈಲಿ ಕೊಡುತ್ತೇನೆ. ನೀನೊಬ್ಬಳೇ ಓದು. ಸೊಸೆಯ ಕೈಲಿ ಓದಿಸಬೇಡ, ನಿನ್ನ ಕನ್ನಡಕ ಹುಡುಕಿಕೋ.

ದಸರಾ ಮುಗಿದ ಮಾರನೆಯ ದಿನ ಭಾನುವಾರ ನಾವೆಲ್ಲ ಕಲ್ಲತ್ತಿಗಿರಿಗೆ ಹೋಗಿದ್ದೆವು. ಹೊರಡಿಸಿದ್ದು ಜೀವಿತಾ. ಅವಳಿಗೀಗ ಕಾಲೇಜು ಸೇರಿದ ಮೇಲೆ ಫೋನಿನಲ್ಲಿ ಕಾಣುವ ನೀರೆಲ್ಲ ಕಣ್ಣಾರೆ ಕಾಣಬೇಕು. ‘ಅಪ್ಪಾ, ಎಲ್ಲರೂ ಫಾಲ್ಸ್ ನೋಡ್ಕೊಂಡು ಬಂದವ್ರೆ, ನಾನು ಮಾತ್ರ ಬೋರನಕಣಿವೆ ಡ್ಯಾಮು ಬಿಟ್ಟು ಏನೂ ನೋಡಿಲ್ಲ’ ಎಂದು ರಾಗ ಎಳೆದಳು. ಇವರು ‘ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗಿ ಕೂತೈತೆ, ಸುಲಿಯೋರು ಸಿಕ್ತಿಲ್ಲ, ಈಗ ನೀರು ನೋಡಕ್ಕೆ ಹೋಗೋಣ್ವಾ?’ ಎಂದರು. ಅಷ್ಟರಲ್ಲಿ ಮಾವನವರೇ ಜಗಲಿಯಿಂದ ‘ವೀರಭದ್ರ ಮನೆದೇವ್ರು ಕಣ್ಲಾ ರುದ್ರೇಶ, ನಾನು ಹೋಗಿ ಎಷ್ಟು ವರ್ಷ ಆಯ್ತೋ, ಮತ್ತೆ ಯಾವಾಗ ಹೋಗ್ತೀನೋ. ಬುಡು, ಹೋಗಿ ಬರಾಣ’ ಎಂದರು. ಕಾಡಸಿದ್ದಪ್ಪನವರು ಬಾಯಿ ಬಿಟ್ಟು ಒಂದು ಬೇಕು ಎಂದರೆ ಈ ಮನೆಯಲ್ಲಿ ಯಾರು ಬೇಡ ಎನ್ನುತ್ತಾರೆ? ಬಾಲರಾಜು ಯಾರದೋ ವ್ಯಾನು ಕೇಳಿ ತಂದ.

ಮಾವನವರ ನೇಮ ನಿನಗೆ ಗೊತ್ತು. ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲಿಟ್ಟು ಪೂಜೆ ಮುಗಿಸುವವರೆಗೆ ಬಾಯಿಗೆ ಒಂದು ಹನಿ ಹಾಕಿದವರಲ್ಲ. ಹೋದ ವರ್ಷ ಸ್ಕ್ಯಾನಿಂಗಿಗೆ ಮಲಗಿಸಿ, ಬೆಳ್ಳಿ ಇದೆ ತೆಗೆಯಿರಿ ಎಂದಾಗ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಹೋದ ಆಸಾಮಿ. ಲಿಂಗ ಕಳೆದುಹೋದರೆ ಗುರುಗಳು ಹೊಸದು ಕಟ್ಟುವವರೆಗೆ ನೀರೂ ಮುಟ್ಟಬಾರದು ಎಂದು ನಮ್ಮಮ್ಮ ನಮಗೂ ಹೇಳುತ್ತಿದ್ದಳಲ್ಲ? ನಾವು ತಲೆಯಾಡಿಸಿ ಮರೆತೆವು. ಈ ಮನುಷ್ಯ ಮರೆತವರಲ್ಲ.

ಇನ್ನೊಂದು, ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ, ಹಾಕುವವಳು ನಾನೇ. ಮನೆಯಲ್ಲಾದರೆ ಸೂಜಿ ಹಾಕಿದ ಕೂಡಲೇ ಅವರು ಬಚ್ಚಲಿಗೆ ಹೋಗುತ್ತಾರೆ, ಪೂಜೆ ಮುಗಿಯುವ ಹೊತ್ತಿಗೆ ನಾನು ರೊಟ್ಟಿ ಹಾಕಿರುತ್ತೇನೆ. ಸೂಜಿ ಹಾಕಿದ ಮೇಲೆ ಹೊಟ್ಟೆಗೆ ಬೀಳದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ನನ್ನನ್ನು ಮುಂದೆ ನಿಲ್ಲಿಸಿಕೊಂಡು ಹೇಳಿದ್ದಾರೆ. ಆವತ್ತು ಹೊಳೆಯಲ್ಲೇ ಮಿಂದು, ಅಲ್ಲೇ ಪೂಜೆ ಮುಗಿಸಿ, ವೀರಭದ್ರನ ಮುಂದೆಯೇ ಬುತ್ತಿ ಬಿಚ್ಚುವುದು ಎಂದಾಗಿತ್ತು. ಲಿಂಗದಹಳ್ಳಿ ದಾಟುವಾಗ ಬಾಲರಾಜು ‘ಇನ್ನೇನು ಬಂತು ಕಣಕ್ಕ’ ಎಂದ. ಬಂತಲ್ಲ ಎಂದು ನಾನು ವ್ಯಾನಿನಲ್ಲೇ ಸೂಜಿ ಹಾಕಿಬಿಟ್ಟೆ. ಮುಂದೆ ನೋಡಿದರೆ ರಸ್ತೆ ತುಂಬ ಗಾಡಿಗಳು. ರಜ ಅಲ್ಲವಾ, ಬೆಂಗಳೂರೆಲ್ಲ ಅಲ್ಲೇ ಬಂದು ನಿಂತಿತ್ತು. ಕೊನೆಗೆ ವ್ಯಾನು ಬಿಟ್ಟು ನಡೆದೇ ಹೋದೆವು. ಮಾವನವರ ಬೆನ್ನ ಹಿಂದೆ ನಡೆಯುತ್ತಾ ನಾನು ‘ಬೇಗ, ಬೇಗ’ ಎನ್ನುತ್ತಿದ್ದೆ. ಅವರು ‘ಯಾಕವ್ವಾ, ದೇವ್ರೇನು ಓಡೋಗ್ತಾನಾ’ ಎಂದು ನಕ್ಕರು.

ಆ ಜಾಗ ಚಂದ ಇದೆ ಅಕ್ಕ, ಇಲ್ಲ ಎನ್ನುವುದಿಲ್ಲ. ಬಂಡೆಯ ಮೇಲಿಂದ ನೀರು ದೇವಸ್ಥಾನದ ಬಗಲಿಗೇ ಇಳಿಯುತ್ತದೆ. ಆದರೆ ಮೇಲೆ ಮಳೆ ಜೋರಾಗಿ ನೀರು ಕೆಂಪಗಾಗಿತ್ತು, ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ನನಗೆ ಮೊದಲೇ ನೀರೆಂದರೆ ಪುಕ್ಕಲು. ಮೆಟ್ಟಿಲ ಮೇಲೆ ಜೀವಿತಾಳ ರಟ್ಟೆ ಹಿಡಿದು ನಿಂತಿದ್ದೆ. ಮಾವನವರು ಪಂಚೆ ಎತ್ತಿಕಟ್ಟಿ ನೀರಿನ ಕೆಳಗೆ ಹೋದರು, ಇವರು ಅವರ ತೋಳು ಹಿಡಿದಿದ್ದರು. ಮಿಂದು ಈಚೆ ಬಂದು ಕಲ್ಲಿನ ಮೇಲೆ ಕೂತು ಪೂಜೆ ಮಾಡುತ್ತಾರೆ ಎಂದು ನಾನು ಚೊಂಬು, ವಿಭೂತಿ, ಪತ್ರೆ ಎಲ್ಲ ತೆಗೆದಿಟ್ಟಿದ್ದೆ. ಮಾವನವರು ಈಚೆ ಬರಲೇ ಇಲ್ಲ. ಅಲ್ಲೇ ನಿಂತು ಕರಡಿಗೆ ಬಿಚ್ಚತೊಡಗಿದರು.

‘ಅಪ್ಪಾಜಿ, ಬ್ಯಾಡ, ನೀರು ಜೋರೈತೆ’ ಎಂದು ಇವರು ಕೂಗಿದ್ದು ನನಗೂ ಕೇಳಿಸಿತು. ಅದಕ್ಕೆ ಮಾವನವರು, ಇವರು ಆಮೇಲೆ ಹೇಳಿದ ಹಾಗೆ, ‘ಚೊಂಬಿನ ನೀರು ದಿನಾ ಇದ್ದಿದ್ದೇ ಕಣ್ಲಾ. ಇವತ್ತು ಗಂಗವ್ವನೇ ಮೇಲಿಂದ ಬತ್ತಾವ್ಳೆ, ಬ್ಯಾಡ ಅನ್ನಕ್ಕಾಯ್ತದಾ?’ ಎಂದು ಲಿಂಗವನ್ನು ಅಂಗೈ ಮೇಲಿಟ್ಟು ಕೈ ಮುಂದೆ ಚಾಚಿದರು. ಮುಖದಲ್ಲಿ ಎಂಥ ಸಂತೋಷ ಅಕ್ಕ, ಮದುವೆ ಗಂಡಿನ ಮುಖದಲ್ಲೂ ನಾನು ಅದನ್ನು ಕಂಡಿಲ್ಲ. ಜೀವಿತಾ ‘ತಾತ ಸೂಪರ್’ ಎಂದು ವಿಡಿಯೋ ಮಾಡುತ್ತಿದ್ದಳು. ಒಂದು ಗಳಿಗೆ ಅಷ್ಟೇ. ಮೇಲಿಂದ ನೀರು ಜಗ್ಗಿ ಬಂತು, ಅವರ ಕೈ ಕೆಳಗೆ ಕುಸಿಯಿತು. ಮರುಗಳಿಗೆ ಅವರು ನೀರಿನಲ್ಲಿ ಕೂತು ಎರಡೂ ಕೈಯಲ್ಲಿ ಕಲ್ಲು ತಡಕುತ್ತಿದ್ದರು.

ಜನ ಒಳ್ಳೆಯವರು. ಮೀಯುತ್ತಿದ್ದ ಹುಡುಗರೆಲ್ಲ ಇಳಿದು ಹುಡುಕಿದರು. ಚುರುಮುರಿ ಮಾರುವ ಹುಚ್ಚಕ್ಕ ಎಂಬ ಮುದುಕಿ ತನ್ನ ಜರಡಿಯನ್ನೇ ತಂದುಕೊಟ್ಟಳು. ಜೀವಿತಾಳ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದರು; ನೊರೆ ಬಿಟ್ಟು ಏನೂ ಕಾಣದು. ಹುಚ್ಚಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, ‘ಈ ಸೆಳವಿಗೆ ಬಿದ್ದದ್ದು ನಿಲ್ಲಕಿಲ್ಲ ಕಣವ್ವ, ಹಳ್ಳ ಸೇರ್ಕಂಡಿರ್ತದೆ. ಯಜಮಾನ್ರಿಗೆ ಸಮಾಧಾನ ಮಾಡಿ’ ಎಂದಳು. ಮಾವನವರನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸಿದ್ದರು. ಎದೆಯ ಮೇಲೆ ಕರಡಿಗೆ ಬಾಯಿ ತೆರೆದುಕೊಂಡೇ ಇತ್ತು.

ಆಗ ನಾನು ಅವರ ಹಣೆ ನೋಡಿದೆ. ಆ ತಣ್ಣೀರಿನಲ್ಲಿ ಮಿಂದ ಮೈ, ಹಣೆಯಲ್ಲಿ ಮಾತ್ರ ಬೆವರು ದಪ್ಪದಪ್ಪಗೆ ನಿಂತಿತ್ತು. ಕೈ ಅದುರುತ್ತಿತ್ತು. ಸೂಜಿ! ಅಯ್ಯೋ ಶಿವನೇ, ಸೂಜಿ ಹಾಕಿ ಎಷ್ಟು ಹೊತ್ತಾಯಿತು ಎಂದು ನೆನಪಾಯಿತು. ಓಡಿಹೋಗಿ ಬುತ್ತಿಯ ಚೀಲದಿಂದ ಬೆಲ್ಲ ತಂದೆ. ‘ಮಾವಾ, ಒಂದು ಚೂರು ಬಾಯಿಗೆ ಹಾಕ್ಕಳಿ.’

ಅವರು ನನ್ನ ಕೈ ಸರಿಸಿದರು. ಒರಟಾಗಿ ಅಲ್ಲ. ‘ಲಿಂಗ ಹೋದ ಮೈ ಹೆಣ ಕಣವ್ವ. ಹೆಣಕ್ಕೆ ಯಾಕೆ ಬೆಲ್ಲ’ ಎಂದರು.

ಆಮೇಲೆ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ. ಇವರು ಅತ್ತರು, ಕಾಲು ಹಿಡಿದರು, ‘ಸಂಜೆಗೇ ಗುರುಗಳ ಹತ್ರ ಕರ್ಕಂಡು ಹೋಗ್ತೀನಿ, ಈಗ ನೀರಾದ್ರೂ ಕುಡೀರಿ ಅಪ್ಪಾಜಿ’ ಎಂದರು. ದೇವಸ್ಥಾನದ ಅರ್ಚಕರ ಹತ್ತಿರ ಓಡಿದರು. ಅವರು ಪಾಪ ಕೈ ಹಿಸುಕಿಕೊಂಡು ‘ತೀರ್ಥ ಕೊಡ್ತೀನಿ, ಲಿಂಗ ಕಟ್ಟೋ ಅಧಿಕಾರ ನಂದಲ್ಲ’ ಎಂದರಂತೆ. ತೀರ್ಥವನ್ನೂ ಮಾವ ಮುಟ್ಟಲಿಲ್ಲ. ಆಸ್ಪತ್ರೆಗೆ ಹಾಕಿಕೊಂಡು ಹೋಗೋಣವೆಂದರೆ ಬಾಲರಾಜು ಓಡಿ ಬಂದು ‘ಅಣ್ಣೋ, ಹಿಂದೆ ಮುಂದೆ ಗಾಡಿ ನಿಂತವೆ, ವ್ಯಾನು ಅಲ್ಲಾಡ್ಸಕ್ಕಾಗಲ್ಲ’ ಎಂದ. ಮಾವನವರ ಮಾತು ತೊದಲತೊಡಗಿತು. ಇವರನ್ನು ನೋಡಿ, ಎಂದೋ ಸತ್ತುಹೋದ ತಮ್ಮನ ಹೆಸರು ಹಿಡಿದು ಕರೆದರು. ಕೊನೆಗೆ ಇವರು ಹುಚ್ಚು ಹಿಡಿದವರ ಹಾಗೆ ಅಪ್ಪನ ದವಡೆ ಹಿಡಿದು ಬೆಲ್ಲದ ನೀರು ಸುರಿಯಲು ಹೋದರು. ಮಾವ ಕಚ್ಚಿದರು ಅಕ್ಕ. ಮಗನ ಬೆರಳಿನಲ್ಲಿ ರಕ್ತ ಬಂತು. ಜೀವಿತಾ ‘ತಾತ, ತಾತ’ ಎಂದು ಚೀರುತ್ತಿದ್ದಳು. ಸುತ್ತ ನಿಂತ ಜನ ಫೋನು ಕೆಳಗಿಳಿಸಿದರು.

ನಾನು ಎದ್ದು ಹೋದೆ. ಹೆಂಗಸರು ಬಟ್ಟೆ ಬದಲಿಸಲಿ ಎಂದು ಬಂಡೆಯ ಮರೆಗೆ ಒಂದು ಸೀರೆ ಅಡ್ಡ ಕಟ್ಟಿದ್ದರು. ಅದರ ಹಿಂದೆ ಹೋಗಿ ನನ್ನ ಕರಡಿಗೆ ಬಿಚ್ಚಿದೆ.

ನಿನಗೂ ನನಗೂ ಒಂದೇ ದಿನ ಕಟ್ಟಿದರು, ನೆನಪಿದೆಯಾ? ಅಪ್ಪ ನಮ್ಮಿಬ್ಬರನ್ನೂ ಗುರುಗಳ ಮುಂದೆ ಕೂರಿಸಿದ್ದ. ನೀನು ಬಾಗಿ ನನ್ನ ಅಂಗೈ ನೋಡಿ ‘ನಿಂದು ಸಣ್ಣದು’ ಎಂದು ಅಣಕಿಸಿದ್ದಕ್ಕೆ ಅಮ್ಮ ನಿನ್ನ ತಲೆಗೆ ಮೊಟಕಿದ್ದಳು. ಮದುವೆಯಲ್ಲಿ, ಜೀವಿತಾ ಹುಟ್ಟುವಾಗ, ಗರ್ಭಕೋಶ ತೆಗೆಸಿದಾಗ, ಯಾವತ್ತೂ ಅದು ನನ್ನ ಮೈ ಬಿಟ್ಟು ಹೋಗಿರಲಿಲ್ಲ. ತೆಗೆಯುವಾಗ ನನ್ನ ಕೈ ನಡುಗಲಿಲ್ಲ ಅಕ್ಕ. ಕಣ್ಣಲ್ಲಿ ನೀರೂ ಬರಲಿಲ್ಲ. ಈಗ ಕೂತು ನೆನೆಸಿಕೊಂಡರೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುವುದು ಅದಕ್ಕೇ.

ಮುಷ್ಟಿಯಲ್ಲಿ ಹಿಡಿದು, ಬಂಡೆಯ ಆ ಕಡೆಯಿಂದ ನೀರಿಗೆ ಇಳಿದೆ. ಸೊಂಟದವರೆಗೂ ಇಳಿದೆ, ನಾನು! ಬಗ್ಗಿ ಕಲ್ಲುಗಳ ನಡುವೆ ಕೈ ಹಾಕಿ, ಎದ್ದು, ಕೂಗಿದೆ. ‘ಸಿಕ್ತು! ಮಾವಾ, ಸಿಕ್ತು!’

ಅವರ ಅಂಗೈ ಬಿಡಿಸಿ ಅದರಲ್ಲಿ ಇಟ್ಟೆ. ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅವರ ಪಾದವನ್ನೇ ನೋಡುತ್ತ ನಿಂತೆ. ಹಣೆಗೆ ವಿಭೂತಿ ಇಟ್ಟೆ, ಚೊಂಬಿನ ನೀರನ್ನು ನಾನೇ ಹನಿಸಿದೆ. ‘ಶಿವಾ’ ಎಂದದ್ದು ಕೇಳಿಸಿತು. ಬೆಲ್ಲ ತುಟಿಗೆ ಹಿಡಿದೆ. ಬಾಯಿ ತೆರೆದರು. ಒಂದು ಉಂಡೆ, ಇನ್ನೊಂದು ಉಂಡೆ, ಆಮೇಲೆ ಬೆಲ್ಲದ ನೀರು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು, ಮಗನ ಬೆರಳು ಹಿಡಿದು ‘ಏನ್ಲಾ ಇದು ಗಾಯ’ ಎಂದು ಕೇಳಿದರು. ಇವರು ಅಲ್ಲೇ ಕುಸಿದು ಕೂತರು. ಸುತ್ತಲಿದ್ದ ಹೆಂಗಸರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ‘ಅಷ್ಟು ಜನ ಹುಡುಕಿದ್ರೂ ನಿನ್ನ ಕೈಗೇ ಸಿಕ್ತಲ್ಲವ್ವ, ಪುಣ್ಯವಂತೆ ಕಣೆ ನೀನು’ ಎಂದಳು ಹುಚ್ಚಕ್ಕ. ನಾನು ಸೆರಗು ಎಳೆದು ಹೊದ್ದುಕೊಂಡೆ.

ಆಮೇಲೆ ಬುತ್ತಿ ಬಿಚ್ಚಿದೆವು. ನಾನು ಉಣ್ಣದಿದ್ದರೆ ಯಾಕೆ ಎಂದು ಕೇಳುತ್ತಾರೆ. ಉಂಡೆ. ಲಿಂಗವಿಲ್ಲದ ಎದೆ ಇಟ್ಟುಕೊಂಡು, ಮನೆದೇವರ ಎದುರಿಗೆ ಕೂತು, ಚಿತ್ರಾನ್ನ ಉಂಡೆ. ನೀರು ಕುಡಿದು ಕುಡಿದು ಇಳಿಸಿದೆ.

ವಾಪಸು ಹೋಗೋಣವೆಂದು ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. ‘ಕೂಸು ಆಸೆಪಟ್ಟೈತೆ, ಕೆಮ್ಮಣ್ಣುಗುಂಡಿ ನೋಡ್ಕಂಡೇ ಹೋಗಾಣ. ನಂಗೇನಾಗೈತೆ?’ ಎಂದರು. ರಸ್ತೆ ಬಿಡುವಾದ ಮೇಲೆ ಮೇಲಕ್ಕೆ ಹೋದೆವು. ಆ ತಿರುವುಗಳು, ಒಂದು ಕಡೆ ಪ್ರಪಾತ, ಮುಂದೆ ಒಂದು ಮಾರು ದೂರ ಕಾಣದ ಮಂಜು. ನನಗೆ ಪ್ರತಿ ತಿರುವಿನಲ್ಲೂ ಈಗ ಬಿತ್ತು ವ್ಯಾನು, ನನ್ನ ಒಬ್ಬಳ ಪಾಪಕ್ಕೆ ಇವರೆಲ್ಲರೂ ಹೋಗುತ್ತಾರೆ ಎಂದೇ ಅನಿಸುತ್ತಿತ್ತು. ಬಾಲರಾಜುವಿಗೆ ಮೆಲ್ಲಗೆ ಹೋಗು ಎಂದು ಹೇಳಿ ಹೇಳಿ, ಕೊನೆಗೆ ಅವನು ‘ಅಕ್ಕಾ, ಇದಕ್ಕಿಂತ ಮೆಲ್ಲಗೆ ಹೋದ್ರೆ ಹಿಂದಕ್ಕೆ ಹೋಗ್ತೀವಿ’ ಎಂದ. ಜೀವಿತಾ ನಕ್ಕಳು. ಆ ನಗು ಕೇಳಿಯೂ ನನಗೆ ಭಯವಾಯಿತು.

ಮೇಲೆ ಹೂದೋಟದಲ್ಲಿ ಮಾವನವರನ್ನು ಬೆಂಚಿನ ಮೇಲೆ ಕೂರಿಸಿ ಇವರೂ ಜೀವಿತಾಳೂ ಗುಡ್ಡದ ತುದಿ ನೋಡಲು ಹೋದರು. ಅಲ್ಲಿಂದ ಕಾಲು ಜಾರಿದರೆ ಮೂಳೆಯೂ ಸಿಗುವುದಿಲ್ಲವಂತೆ, ಹಾಗೆಂದು ಬೋರ್ಡಿನ ಹತ್ತಿರ ಯಾರೋ ಹೇಳುತ್ತಿದ್ದರು. ಮಂಜಿನಲ್ಲಿ ಅವರಿಬ್ಬರೂ ಕರಗಿಹೋದರು. ಬೆಂಚಿನ ಮೇಲೆ ಮಾವ ಮತ್ತು ನಾನು, ಇಬ್ಬರೇ.

‘ಗಿರಿಜವ್ವಾ.’

‘ಹೇಳಿ ಮಾವ.’

‘ಎಲ್ಲಿ ಸಿಕ್ತು?’

‘ಅಲ್ಲೇ ಮಾವ, ಕಲ್ಲು ಸಂದೀಲಿ.’

‘ಯಾವ ಕಲ್ಲು?’

‘ದೊಡ್ಡ ಬಂಡೆ ಇತ್ತಲ್ಲ, ಅದರ ಪಕ್ಕ.’

‘ನಾನು ನಿಂತಿದ್ದು ಈ ಕಡೆ. ಬಂಡೆ ಇದ್ದಿದ್ದು ಮೇಲಕ್ಕೆ’ ಎಂದರು. ಕೆಳಗೆ ಬಿದ್ದದ್ದು ಮೇಲಕ್ಕೆ ಹೇಗೆ ಹತ್ತಿತು ಎಂದು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಸೆರಗಿನ ತುದಿ ಹಿಂಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳ ಹಾಗೆ ನನ್ನ ಕೈ ತಾನಾಗಿಯೇ ನನ್ನ ಕರಡಿಗೆಯ ಮೇಲೆ ಹೋಯಿತು. ಅವರು ಕೇಳಲಿಲ್ಲ. ‘ಚಳಿ ಐತೆ, ಸರಿಯಾಗಿ ಹೊದ್ಕಳವ್ವ’ ಎಂದರು. ಆಮೇಲೆ ಅವರಿಬ್ಬರೂ ಮಂಜಿನಿಂದ ಈಚೆ ಬಂದರು, ಜೀವಿತಾ ಜೋಳ ಕೊಡಿಸಿ ಎಂದಳು, ದೀಪ ಹಚ್ಚುವ ಹೊತ್ತು ಮೀರಿ ಮನೆ ಸೇರಿದೆವು.

ಅಲ್ಲಿಂದ ಇಲ್ಲಿಗೆ ಎಂಟು ದಿನ. ಬೆಳಿಗ್ಗೆ ಸಂಜೆ ಮಾವನವರ ಪಕ್ಕದಲ್ಲೇ ಪೂಜೆಗೆ ಕೂರುತ್ತೇನೆ, ಮೊದಲಿಂದ ಹಾಗೇ ಅಲ್ಲವಾ, ಬಿಟ್ಟರೆ ಅನುಮಾನ. ಖಾಲಿ ಕರಡಿಗೆ ತೆಗೆಯುತ್ತೇನೆ, ಸೆರಗು ಮುಚ್ಚಿಕೊಂಡು ಬರೀ ಅಂಗೈಗೆ ನೀರು ಹನಿಸುತ್ತೇನೆ, ವಿಭೂತಿ ಹಚ್ಚುತ್ತೇನೆ, ಪತ್ರೆ ಇಡುತ್ತೇನೆ. ಪಕ್ಕದಲ್ಲಿ ಅವರು ನನ್ನ ಲಿಂಗವನ್ನು ಕೈಯಲ್ಲಿ ಹಿಡಿದು ನೋಡುತ್ತಿರುತ್ತಾರೆ. ಕಣ್ಣಿಗೆ ಪೊರೆ ಬಂದಿದೆ, ಸರಿಯಾಗಿ ಕಾಣದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಗೊತ್ತಾದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾ? ಅವರು ಮತ್ತೆ ಬಾಯಿ ಮುಚ್ಚುತ್ತಾರೆ. ಈ ಸಲ ಯಾರು ಏನು ಮಾಡಿದರೂ ತೆರೆಯುವುದಿಲ್ಲ. ಆ ಮನುಷ್ಯನ ಸಾವು ನನ್ನ ತಲೆಗೆ ಬರುತ್ತದೆ.

ಇವರಿಗೂ ಹೇಳಿಲ್ಲ. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೂ ಗೊತ್ತು. ನನಗಂತೂ ಎಲ್ಲದಕ್ಕೂ ಭಯ ಶುರುವಾಗಿದೆ. ಮೊನ್ನೆ ಹಾಲು ಒಡೆಯಿತು. ನಿನ್ನೆ ಗಾಳಿಯಿಲ್ಲ ಮಳೆಯಿಲ್ಲ, ಹಿತ್ತಲ ಮರದ ಸೋಗೆ ಜೀವಿತಾ ಬಟ್ಟೆ ಒಣಗಿಸುತ್ತಿದ್ದ ಕಡೆಯೇ ಬಿತ್ತು. ಹಳೇ ಸೋಗೆ, ಬಿದ್ದೇ ಬೀಳುತ್ತದೆ, ತೆಂಗಿನ ನಾಡಿನಲ್ಲಿ ಹುಟ್ಟಿದವಳಿಗೆ ಅದು ಗೊತ್ತಿಲ್ಲವಾ? ಆದರೂ ಓಡಿಹೋಗಿ ಅವಳನ್ನು ಒಳಗೆ ಎಳೆದುಕೊಂಡೆ. ಇನ್ನೊಂದು ಯೋಚನೆ ಬರುತ್ತದೆ, ಬರೆದೇಬಿಡುತ್ತೇನೆ. ಮಾವನವರಿಗೆ ವಯಸ್ಸಾಯಿತು. ನಾಳೆ ಅವರು ಲಿಂಗೈಕ್ಯರಾದರೆ ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅದು ನನ್ನದು ಅಕ್ಕ. ನಾನು ಮೇಲೆ ನಿಂತು ನೋಡಬೇಕು.

ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಲಿಂಗ ಕಟ್ಟುವ ಅಯ್ಯನವರನ್ನು ಕೇಳುವ ಹಾಗಿಲ್ಲ. ಅವರೂ ಮಾವನವರೂ ದಿನಾ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾರೆ. ನಿಮ್ಮ ಕಡೆ ಯಾರಾದರೂ ಅಯ್ಯನವರನ್ನು ಗುಟ್ಟಾಗಿ ಕೇಳಿ ಇಡು. ನಾನು ದೀಪಾವಳಿಗೆ ಬಂದಾಗ ನನಗೊಂದು ಹೊಸ ಲಿಂಗ ಕಟ್ಟಿಸು. ಅಷ್ಟು ಮಾಡಿದರೆ ಅವರದು ಅವರಿಗೆ, ನನ್ನದು ನನಗೆ ಎಂದು ಹೇಗೋ ಉಸಿರಾಡುತ್ತೇನೆ. ದೇವರು ಮೆಚ್ಚುತ್ತಾನೋ ಇಲ್ಲವೋ, ನೀನಾದರೂ ನನ್ನನ್ನು ಬಯ್ಯಬೇಡ.

ಭಾವನವರಿಗೆ ನನ್ನ ಶರಣು. ಮಕ್ಕಳಿಗೆ ಆಶೀರ್ವಾದ. ನಿನ್ನ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡು ಮುಗಿಸುತ್ತೇನೆ.

ನಿನ್ನ
ಗಿರಿಜೆ

ತಾ.ಕ.: ಮಂಗಳವಾರ ಬೆಳಿಗ್ಗೆ. ಅಕ್ಕಾ, ಮೇಲೆ ಬರೆದದ್ದೆಲ್ಲ ಹಾಗೇ ಇರಲಿ, ಹರಿಯಲು ಹೊತ್ತಿಲ್ಲ. ನಿನ್ನೆ ಸಂಜೆ ‘ಸೂಜಿ ಆಮೇಲೆ’ ಎಂದ ಮಾವ ಪೂಜೆ ಮುಗಿದ ಮೇಲೆ ಅಡಿಗೆಮನೆಗೇ ಬಂದರು. ಈ ಮನೆಗೆ ಬಂದಾಗಿನಿಂದ ಅವರು ಅಡಿಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ನನ್ನ ಕೈ ಹಿಡಿದು ಬಿಡಿಸಿ ಲಿಂಗವನ್ನು ಇಟ್ಟರು. ‘ನಿಂದು ನೀನು ತಗೊಳವ್ವ.’

ಯಾವಾಗ ಗೊತ್ತಾಯಿತು ಮಾವ ಎಂದು ಕೇಳಿದೆ. ‘ಅಂಗೈ ಮೇಲೆ ಇಟ್ಟೇಟಿಗೆ ಗೊತ್ತಾಯ್ತು ಕಣವ್ವ. ಹುಡುಗನಾಗಿದ್ದಾಗಿಂದ ಹೊತ್ತಿದ್ದು, ತೂಕ ತಿಳಿಯಲ್ವಾ? ಸಾಯಕ್ಕೆ ಹೆದ್ರಿಕೊಂಡೆ. ಕಣ್ಣು ಕತ್ತಲೆ ಬತ್ತಿತ್ತು, ನೀನು ಬೆಲ್ಲ ಹಿಡ್ಕಂಡು ನಿಂತಿದ್ದೆ. ಬಾಯಿ ತೆಗ್ದುಬುಟ್ಟೆ. ಆಮೇಲೆ ದಿನಾ ನೀನು ಬರೀ ಅಂಗೈ ಪೂಜೆ ಮಾಡೋದನ್ನ ಪಕ್ಕದಲ್ಲೇ ಕೂತು ನೋಡ್ತಾ ಇದ್ದೆ. ಇನ್ನು ಆಗಕಿಲ್ಲ.’

ನಾನು ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಎಂಟು ದಿನ ನಾನು ಸತ್ತು ಸತ್ತು ಬದುಕಿದ್ದೇನೆ, ಇವರು ಎಲ್ಲ ಗೊತ್ತಿದ್ದೂ ನೋಡುತ್ತ ಕೂತಿದ್ದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ‘ಅವತ್ತು ಸಾಯಕ್ಕೆ ಹೆದರಿದೋರಿಗೆ ಇವತ್ತೆಲ್ಲಿಂದ ಬಂತು ಧೈರ್ಯ?’ ಎಂದುಬಿಟ್ಟೆ. ಈ ಬಾಯಿಂದಲೇ ಬಂತು ಅಕ್ಕ. ಅವರು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಆಗಿನಿಂದ ಒಂದು ತುತ್ತು ಇಲ್ಲ, ಒಂದು ಗುಟುಕು ನೀರಿಲ್ಲ. ಇವರು ಅಜೀರ್ಣ ಎಂದುಕೊಂಡು ಶುಂಠಿ ಜಜ್ಜುತ್ತಿದ್ದಾರೆ. ನನ್ನ ಲಿಂಗ ತಗೊಳ್ಳಿ ಎಂದು ಕಾಲು ಹಿಡಿದರೂ ತಿರುಗಿ ನೋಡುತ್ತಿಲ್ಲ. ‘ಈ ಊರಿನ ಅಯ್ಯನೋರ ಮುಂದೆ ಮಾತ್ರ ನನ್ನ ಮಾನ ತೆಗೀಬ್ಯಾಡ’ ಎಂದದ್ದೊಂದೇ ಮಾತು. ದೀಪಾವಳಿ ಗೀಪಾವಳಿ ಬೇಡ. ಬಾಲರಾಜು ಅಲ್ಲೇ ಕಾಯುತ್ತಾನೆ, ನೀನು ಈಗಲೇ ಯಾರಾದರೂ ಅಯ್ಯನವರನ್ನು ಅದೇ ಗಾಡಿಗೆ ಹತ್ತಿಸಿಕೊಂಡು ಬಾ. ಲಿಂಗ ಕಟ್ಟಬೇಕಾದದ್ದು ನನಗಲ್ಲ, ಮಾವನವರಿಗೆ ಎಂದು ಹೇಳು. ನಾನು ಅವರ ಮಂಚದ ಹತ್ತಿರ ಇವತ್ತಿನ ಸೂಜಿ ಹಿಡಿದುಕೊಂಡು ಕೂತಿದ್ದೇನೆ, ಹಾಕಲೋ ಬೇಡವೋ ಗೊತ್ತಾಗುತ್ತಿಲ್ಲ.